ಅಮ್ಮನ ಸಹಿ ಬಾಕಿ

ಆಸ್ಪತ್ರೆಗೆ ಕಣ್ಣು ತೋರಿಸಲು ಬಂದು ಲಿಫ್ಟಿಗೆ ಕಾಯುತ್ತಿದ್ದ ಮುದುಕಿಯ ಮುಂದೆ ಹಿರಿಯ ನರ್ಸೂ ಡಾಕ್ಟರಿಕೆ ಓದುವ ಹುಡುಗಿಯೂ ನಿಂತಿದ್ದರು.

“ಆರನೇ ಬೆಡ್ಡಿನವರ ಮೆದುಳು ಸತ್ತಿದೆಯಂತೆ, ಸಿಸ್ಟರ್. ಅವರ ತಾಯಿ ಹತ್ರ ಅಂಗದಾನದ ಮಾತು ನೀನೇ ಶುರುಮಾಡು ಅಂದಿದ್ದಾರೆ ದೊಡ್ಡ ಡಾಕ್ಟರು.”

“ನಿನ್ನ ದಾನದ ಕಾರ್ಡು ಆಗಿದ್ಯಾ?”

“ತುಂಬಿಟ್ಟು ಎರಡು ತಿಂಗಳಾಯ್ತು. ಸಾಕ್ಷಿಯ ಜಾಗದಲ್ಲಿ ಅಮ್ಮನ ಸಹಿ ಬಾಕಿ.”

“ಕೇಳಿದ್ಯಾ?”

“ನಾನು ಸತ್ರೆ ಅಂತ ಅಮ್ಮನ ಮುಂದೆ ಹೇಗೆ ಬಾಯಿ ಬಿಡಲಿ?”

“ಇವತ್ತು ಬಿಡ್ತೀಯಲ್ಲ, ಇನ್ನೊಬ್ಬರ ಅಮ್ಮನ ಮುಂದೆ.”

“ಪರೀಕ್ಷೇಲಿ ಈ ಪಾಠಕ್ಕೆ ನನಗೇ ಜಾಸ್ತಿ ಅಂಕ.”

“ಆ ತಾಯಿ ಪ್ರಶ್ನೆಪತ್ರಿಕೆ ಅಲ್ವಲ್ಲೇ ಮಹಾರಾಯ್ತಿ.”

ಲಿಫ್ಟು ಬಂತು. ನರ್ಸಿನ ಹಿಂದೆ ಮುದುಕಿಯೂ ಹತ್ತಿದಳು. ಹುಡುಗಿ ಹತ್ತಲಿಲ್ಲ.

“ಅಮ್ಮನಿಗೊಂದು ಫೋನ್ ಮಾಡಿ, ಮೆಟ್ಟಿಲಲ್ಲಿ ಬರ್ತೀನಿ ಸಿಸ್ಟರ್.”

ಬಾಗಿಲು ಮುಚ್ಚುವ ಮೊದಲು ಮುದುಕಿಗೆ ಕೇಳಿಸಿದ್ದು ಇಷ್ಟು: “ಅಮ್ಮಾ, ಊಟ ಆಯ್ತಾ? ಒಂದು ಮಾತು ಕೇಳ್ತೀನಿ, ಬೈಬೇಡ.”