ಸ್ಟ್ಯಾಂಡ್ ಯಾರು ಹೊರಬೇಕು

ಕ್ಯಾಮೆರಾ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಣ್ಣತಮ್ಮಂದಿರು ನಿಂತಿದ್ದರು. ಇಬ್ಬರೂ ಮದುವೆ ವಿಡಿಯೋ ತೆಗೆಯುವವರು. ಅಣ್ಣನ ಹುಬ್ಬಿನ ಮೇಲೆ ಹಸಿ ಹೊಲಿಗೆ, ತಮ್ಮನ ತುಟಿ ಒಡೆದು ಊದಿತ್ತು. ತಮ್ಮ ಸಣ್ಣದೊಂದು ಲೈಟ್ ಹಚ್ಚಿ ಅಣ್ಣನ ಮುಖಕ್ಕೇ ಹಿಡಿದ.

"ಇದನ್ನೇ ತಗೊಳ್ಳೋಣ ಅಣ್ಣ. ಬ್ಯಾಗಲ್ಲಿ ಹಿಡಿಸುತ್ತೆ."

"ಬ್ಯಾಟರೀದು ಬೇಡ. ನೀನು ಚಾರ್ಜಿಗೆ ಹಾಕೋದು ಮರೀತೀಯ, ಮದುಮಗಳು ಕತ್ತಲಲ್ಲಿ ನಿಲ್ತಾಳೆ."

"ಮರೆತೆ, ನಿಜ. ಅದಕ್ಕೆ ಅಷ್ಟು ಜನರ ಮುಂದೆ ಮುಖಕ್ಕೆ ಗುದ್ದೋದಾ?"

"ಗುದ್ದಿದ್ದಕ್ಕೆ ಲೈಟ್ ಸ್ಟ್ಯಾಂಡ್ ಎತ್ಕೊಂಡು ಬೀಸೋದಾ? ಸ್ವಲ್ಪ ಕೆಳಗೆ ಬಿದ್ದಿದ್ರೆ ಕಣ್ಣೇ ಹೋಗ್ತಿತ್ತು."

"ಕಣ್ಣಿಗೇ ಬೀಸಿದ್ದು. ಗುರಿ ತಪ್ತು."

ಅಣ್ಣ ಹೊಲಿಗೆ ಮುಟ್ಟಿಕೊಂಡ.

"ಅಮ್ಮಂಗೆ ಏನಂದೆ?"

"ಲೈಟ್ ಮೈಮೇಲೆ ಬಿತ್ತು ಅಂದೆ."

"ನಾನೂ ಅದನ್ನೇ ಅಂದೆ."

ಅಂಗಡಿಯವನು ಎರಡು ಸ್ಟ್ಯಾಂಡ್ ತಂದಿಟ್ಟ.

"ಅಲ್ಯೂಮಿನಿಯಂದು ಕೊಡಿ. ಹಗುರ ಇರ್ಲಿ," ಅಂದ ತಮ್ಮ.

ಅಣ್ಣ ಸ್ಟೀಲಿನದನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದ.

"ಲೈಟ್ ನಿನ್ನಿಷ್ಟದ್ದೇ ಆಗ್ಲಿ. ಸ್ಟ್ಯಾಂಡ್ ಮಾತ್ರ ಇದು. ಇನ್ಮೇಲೆ ನಾನೇ ಹೊರ್ತೀನಿ."

ಬಾಗಿಲ ಹತ್ತಿರ ತಮ್ಮ ಪಕ್ಕಕ್ಕೆ ಸರಿದು ನಿಂತ.

"ನೀನೇ ಮೊದಲು ಹೋಗಣ್ಣ."

"ಇಲ್ಲ. ನೀನು ನಡಿ ಮುಂದೆ."