ತಿಂದವರಿಗಷ್ಟೇ ಉತ್ತರ

ಕಾನ್ಸಸ್ ರಾಜ್ಯದ ಮೇಳ. ಕರಿದ ಸಿಹಿರೊಟ್ಟಿಯ ಅಂಗಡಿ ಮುಂದೆ ಸರತಿಯಲ್ಲಿ ನಿಂತಿದ್ದ ವಿಲ್ಮಾಳ ಕಿವಿಗೆ ಮುಂದಿದ್ದ ಗಂಡಹೆಂಡಿರ ಮಾತು ಬಿತ್ತು. ಇಬ್ಬರೂ ಲಕೋಟ ಎಂಬ ಅಮೆರಿಕದ ಮೂಲನಿವಾಸಿ ಬುಡಕಟ್ಟಿನವರು. ಹೆಂಡತಿ ವರ್ಡೆಲ್‌ಳ ಕೈಯಲ್ಲಿ ಹುಡುಗಿಯೊಬ್ಬಳ ಫೋಟೊ ಇತ್ತು.

“ಇನ್ನು ನನ್ನ ಕೈಲಾಗಲ್ಲ ವರ್ಡೆಲ್. ಬೆಳಿಗ್ಗೆಯಿಂದ ಇದು ಒಂಬತ್ತನೇ ಅಂಗಡಿ.”

“ಏನೂ ಕೊಳ್ಳದೆ ಕೇಳಿದ್ರೆ ಏನಂತಾರೆ ಗೊತ್ತಲ್ಲ ಎಮೆರಿ? ‘ಪಕ್ಕಕ್ಕೆ ಸರೀರಿ, ಹಿಂದೆ ಜನ ಕಾಯ್ತಿದ್ದಾರೆ.’”

“ಅಯೋವಾ ಮೇಳದಲ್ಲಿ ಹಂದಿಮಾಂಸ, ನೆಬ್ರಾಸ್ಕಾದಲ್ಲಿ ಎಲೆಕೋಸಿನ ಬನ್ನು, ನಮ್ಮ ಡಕೋಟಾದಲ್ಲಿ ಕುರಿಮಾಂಸದ ತುಂಡು, ಎಲ್ಲಾ ತಿಂದಾಯ್ತು. ‘ಪುಣ್ಯವಂತರು ಕಣ್ರೀ ನೀವು, ಎಂಥ ಪ್ರವಾಸ!’ ಅಂದ ದಾರೀಲಿ ಸಿಕ್ಕ ಆ ಪೆಟ್ರೋಲ್ ಬಂಕಿನವನು.”

“ಅಂದ್ಕೊಳ್ಳಲಿ. ನಮ್ಮ ಟಶೀನಾ ಕೆಲಸಕ್ಕೆ ಸೇರಿದ್ದು ಇಂಥ ಅಂಗಡೀಲೇ. ಮಗಳು ಎಲ್ಲಿ ಹೋದ್ಲು ಅನ್ನೋದು, ಮೇಳದಿಂದ ಮೇಳಕ್ಕೆ ಅಲೆಯೋ ಈ ಅಂಗಡಿಯವರಿಗೇ ಗೊತ್ತಿರಬೇಕು. ಐದು ವಾರ ಆಯ್ತು, ಒಂದು ಫೋನಿಲ್ಲ.”

“ಪೊಲೀಸರು ಹೇಳಿದ್ರಲ್ಲ, ಕುಡಿದು ಎಲ್ಲೋ ಬಿದ್ದಿರ್ತಾಳೆ ಅಂತ.”

“ಹೂಂ, ನಮಗೇನೂ ತಿನ್ನಿಸದೆ ಉತ್ತರ ಕೊಟ್ಟೋರು ಅವರೊಬ್ಬರೇ. ಬಿಳಿಯರ ಹುಡುಗಿ ಆಗಿದ್ರೆ ಇಷ್ಟು ಹೊತ್ತಿಗೆ ಹೆಲಿಕಾಪ್ಟರ್ ಹಾರಿಸ್ತಿದ್ರು.”

ವಿಲ್ಮಾ ತಲೆಯೆತ್ತಿ ಬೆಲೆಪಟ್ಟಿ ಓದುವವಳಂತೆ ನಿಂತಳು.

ಅವರ ಸರದಿ ಬಂತು. ಎಮೆರಿ ಒಂದು ರೊಟ್ಟಿ ಕೊಂಡ. ವರ್ಡೆಲ್ ಫೋಟೊ ಮುಂದೆ ಹಿಡಿದಳು.

“ನೋಡಿಲ್ಲಮ್ಮ,” ಅಂದ ಅಂಗಡಿಯವನು. “ಮುಂದಿನವರು ಬನ್ನಿ.”

ಎಮೆರಿ ಸೀದಾ ಕಸದ ಡಬ್ಬಿಯತ್ತ ಹೊರಟ.

“ಬಿಸಾಡಬೇಡ! ಪಕ್ಕದ ಅಂಗಡಿಯವನು ನೋಡ್ತಿದ್ದಾನೆ. ಅವನನ್ನೂ ಕೇಳಬೇಕು.”

“ನನಗೆ ಸಕ್ಕರೆ ಕಾಯಿಲೆ ಕಣೇ. ಇನ್ನೆಷ್ಟು ತಿನ್ನಲಿ?”

“ಅರ್ಧ ನನಗೆ ಕೊಡು.”

ರೊಟ್ಟಿಯನ್ನು ಎರಡು ಮಾಡಿಕೊಂಡು, ನುಂಗಲಾರದೆ ನುಂಗುತ್ತ, ಇಬ್ಬರೂ ಪಕ್ಕದ ಸರತಿಯ ಕೊನೆಗೆ ಹೋಗಿ ನಿಂತರು.