ಹನ್ನೊಂದನೆಯ ಬೆರಳು

ಮೂಳೆ ಡಾಕ್ಟರ ಕೋಣೆಯ ಹೊರಗೆ ಕಾಯುತ್ತಿದ್ದ ದರ್ಜಿ ಹೆಂಗಸಿನ ಕಿವಿ, ಪಕ್ಕದ ಬೆಂಚಿನ ಗಂಡ-ಹೆಂಡತಿಯ ಮಾತಿಗೆ ನೆಟ್ಟಗಾಯಿತು. ಗಂಡನ ಬಲಪಾದ ಊದಿಕೊಂಡಿತ್ತು.

“ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತು ಏನ್ಮಾಡ್ತಿದ್ರಿ?”

“ಮೆಸೇಜ್ ಬಂತು, ನೋಡ್ತಿದ್ದೆ.”

“ಅದಕ್ಕೆ ಚಪ್ಪಲಿ ಯಾಕೆ ಬಿಚ್ಬೇಕು?”

ಗಂಡ ಬಲಪಾದವನ್ನು ಮೆಲ್ಲಗೆ ಬೆಂಚಿನಡಿಗೆ ಎಳೆದುಕೊಂಡ.

“ನೀವು ಮಲಗಿದಾಗ ಹತ್ತೂ ಬೆರಳು ಒತ್ತಿ ನೋಡಿದೀನಿ. ಮೊಬೈಲ್ ತೆರೀಲಿಲ್ಲ.”

“ನಿದ್ದೇಲಿ ಕೈ ಹಿಡೀತಿದ್ಯಲ್ಲ, ಪ್ರೀತಿಗೆ ಅಂದ್ಕೊಂಡಿದ್ದೆ.”

“ಮಾತು ತಿರುಗಿಸ್ಬೇಡಿ. ಈ ಸೆಖೇಲೂ ಬಲಗಾಲಿಗೆ ಮಾತ್ರ ಕಾಲುಚೀಲ ಹಾಕಿ ಮಲಗೋದು ಯಾಕೆ ಅಂತ ಈಗ ಗೊತ್ತಾಯ್ತು. ಮೊಬೈಲಿನ ಬೀಗದಕೈ ಇರೋದು ಕಾಲಿನ ಹೆಬ್ಬೆರಳಲ್ಲಿ.”

“ಮೆಲ್ಲಗೆ ಮಾತಾಡೇ. ನಂಬರ್ ಇಟ್ರೆ ಹಿಂದಿಂದ ಇಣುಕ್ತೀಯ.”

ಅಷ್ಟರಲ್ಲಿ ನರ್ಸ್ ಕರೆದಳು. ಗಂಡ ಮೊಬೈಲನ್ನು ಜೇಬಿಗಿಳಿಸಿ ಕುಂಟುತ್ತ ಎದ್ದ. ಹೆಂಡತಿ ಹೆಗಲು ಕೊಟ್ಟು ಬಾಗಿಲವರೆಗೆ ನಡೆಸಿದಳು.

“ಸಿಸ್ಟರ್, ಪ್ಲಾಸ್ಟರ್ ಹಾಕುವಾಗ ಹೆಬ್ಬೆರಳು ಹೊರಗೇ ಇರಲಿ.”

“ಬೇಡ ಸಿಸ್ಟರ್,” ಅಂದ ಗಂಡ, “ಪೂರ್ತಿ ಮುಚ್ಚಿಬಿಡಿ.”